ದಾರ ಕಟ್ಟಿಟ್ಟ ಎಂಟು ಪುಟ

೧೨ ಜುಲೈ ೧೯೯೯, ಕೊಟ್ಟೂರು

ಬೆಳಿಗ್ಗೆ ಮದುವೆ ಕಾರ್ಡು ಎರಡು. ಮಧ್ಯಾಹ್ನ ಒಂದು ಸಂಘದ ಸ್ಮರಣ ಸಂಚಿಕೆ — ಅಧ್ಯಕ್ಷರ ಲೇಖನ ನಾನೇ ಬರೆದು, ನಾನೇ ತಿದ್ದಿ, ಚೆನ್ನಾಗಿ ಬರೆದಿದ್ದೀರಿ ಎಂದು ಅವರಿಗೇ ಹೇಳಿ ಬಂದೆ. ಸಂಜೆ ಶ್ರದ್ಧಾಂಜಲಿ ಪದ್ಯ. ಬಿ.ಎ. ಕನ್ನಡ, ವಯಸ್ಸು ನಲವತ್ತಾರು. ಹೆಸರು ಎಲ್ಲೂ ಅಚ್ಚಾಗಿಲ್ಲ.

ಊಟಕ್ಕೆ ಬಡಿಸುತ್ತ ಹೆಂಡತಿ ಶಿವಲೀಲಾ — "ಊರ ಮಂದಿ ಹೆಸರೆಲ್ಲ ಅಚ್ಚು ಹಾಕಿಸಿದ್ರಿ. ಕಣ್ಣು ಕಾಣೂತನಕ ನಿಮ್ಮ ಹೆಸರಿಂದು ಒಂದು ಪುಸ್ತಕ ಓದಬೇಕ್ರಿ."

ಸಕ್ಕರೆ ಕಾಯಿಲೆ ಅವಳ ಕಣ್ಣಿಗೆ ಇಳಿದಿದೆ. ದೀಪಾವಳಿ ತನಕ ಅಕ್ಷರ ಕಂಡರೆ ಹೆಚ್ಚು ಅಂದಿದ್ದಾರೆ ದಾವಣಗೆರೆ ಡಾಕ್ಟರು.

೩ ಆಗಸ್ಟ್

ಶುರು ಮಾಡಿದೆ. ಜಮಾಲ್ ಸಾಬರ ಪ್ರೆಸ್ಸಿನಲ್ಲಿ, ಎಂದಿನ ಹಾಗೆ — ನಾನು ನಿಂತು ಬಾಯಲ್ಲಿ ಹೇಳುವುದು, ಅವರ ಮಗಳು ಅಫ್ರೀನ್ ಅಕ್ಷರಕ್ಕೊಂದರಂತೆ ಸೀಸದ ಅಚ್ಚುಮೊಳೆ ಜೋಡಿಸುವುದು. ಕಾಗದದ ಮೇಲೆ ನನಗೆ ಪದ್ಯ ಹುಟ್ಟುವುದಿಲ್ಲ. ಇಪ್ಪತ್ತು ವರ್ಷದ ಚಟ.

ಎಂಟು ಪುಟವಾಯಿತು. ಎಲ್ಲ ಶಿವಲೀಲಾಳ ಮೇಲೆ. ರೊಟ್ಟಿ ಬಡಿಯುವ ಮುಂಚೆ ಬಳೆ ಮೊಳಕೈಗೆ ಸರಿಸಿಕೊಳ್ಳುತ್ತಾಳಲ್ಲ, ಅದೂ ಬಂತು. ಪ್ರಾಸವಿಲ್ಲ. ಮೊದಲ ಸಲ ಬೇಕೆನಿಸಲಿಲ್ಲ.

"ಒಂದು ಪ್ರೂಫ್ ತೆಗೀಲೇನ್ರಿ ಕಾಕಾ?"

"ಬಾಯಿ ನಂದು, ಕೈ ನಿಂದು. ತಪ್ಪೆಲ್ಲಿಂದ ಬರ್ತೈತಿ?"

ಹೇಳಿದವನು ಊರಿನ ಪ್ರೂಫೆಲ್ಲ ತಿದ್ದುವವನು.

ಕಾಗದ ದಾವಣಗೆರೆಯಿಂದ ಬರಬೇಕು. ಅಲ್ಲಿಯವರೆಗೆ ಎಂಟೂ ಪುಟದ ಮೊಳೆ ಚದುರದಂತೆ ದಾರ ಕಟ್ಟಿ ಅಫ್ರೀನ್ ಒಳಕೋಣೆಯಲ್ಲಿಟ್ಟಳು.

೨೮ ಆಗಸ್ಟ್, ಮಧ್ಯಾಹ್ನ

ಚುನಾವಣೆ. ಪಕ್ಷೇತರ ಓಬಣ್ಣನವರ ಕರಪತ್ರ ಸಂಜೆಯೊಳಗೆ ಬೇಕಂತೆ. ಜೀಪು ಬಾಗಿಲಲ್ಲೇ. ಅಫ್ರೀನ್ ಹರಪನಹಳ್ಳಿಗೆ ಹೋಗಿದ್ದಾಳೆ; ಜಮಾಲ್ ಸಾಬರೇ ಜೋಡಿಸಿದರು.

"ಮೊಳಿ ಸಾಲವಲ್ಲವು, ಕವಿಗಳೇ. ಒಳಗ ದಾರ ಕಟ್ಟಿದ್ದು ಅದಾವ, ಬಿಚ್ಚಲೇನ್ರಿ?"

ಓಬಣ್ಣನಿಗೆ ಪ್ರಾಸ ಹುಡುಕುತ್ತಿದ್ದೆ. "ಬಿಚ್ರಿ, ಬಿಚ್ರಿ" ಅಂದೆ. ಮುಗಿದ ಮದುವೆ ಕಾರ್ಡು ಅಂದುಕೊಂಡೆ. ಅಷ್ಟೂ ಅಂದುಕೊಂಡೆನೋ ಇಲ್ಲವೋ...

ಪ್ರಾಸ ಸಿಕ್ಕಿತು. 'ಬಡವರ ಬಂಧು ಓಬಣ್ಣ, ಕ್ಷೇತ್ರಕ್ಕೆಲ್ಲ ಇವರೇ ಕಣ್ಣ.' ಜೀಪಿನವರು ಚಪ್ಪಾಳೆ ಹೊಡೆದರು.

೩೦ ಆಗಸ್ಟ್

ಕಾಗದ ಬಂತು. ಒಳಕೋಣೆಯಲ್ಲಿ ಎಂಟು ತುಂಡು ದಾರ.

"ನೀವ ಅಂದ್ರಲ್ರಿ..." ಜಮಾಲ್ ಸಾಬರು ದಾರದ ತುಂಡು ಒಂದೊಂದೇ ಹೆಕ್ಕಿದರು. ಹೌದು, ನಾನೇ ಅಂದದ್ದು. ಅಕ್ಷರ ಒಂದೂ ಕಳೆದಿಲ್ಲ. ಎಲ್ಲ ಬಿಡಿಬಿಡಿಯಾಗಿ ಮೊಳೆಪೆಟ್ಟಿಗೆಯ ಖಾನೆಯಲ್ಲಿವೆ.

೨ ಸೆಪ್ಟೆಂಬರ್

ಅಫ್ರೀನ್ ಬಂದಳು. ಜೋಡಿಸಿದ್ದೇನಾದರೂ ನೆನಪಿದೆಯೇ ಎಂದು ಕೇಳಿದೆ.

"ಬಳಿ ಅಂತ ಏನೋ ಇತ್ರಿ ಕಾಕಾ. ಮೂರನೇ ಪುಟಕ್ಕ 'ಳ' ಮೊಳಿ ಖಾಲಿ ಆಗಿದ್ವು, ಅದು ನೆನಪೈತಿ." ಅತ್ತಳು. ಸಮಾಧಾನ ಮಾಡಲು ನನಗೆ ಬರಲಿಲ್ಲ. ಶ್ರದ್ಧಾಂಜಲಿಯಲ್ಲಾದರೆ ಬರುತ್ತದೆ.

೧೯ ಅಕ್ಟೋಬರ್

ನೆನಪು ಮಾಡಿಕೊಳ್ಳಲು ದಿನಾ ಕೂರುತ್ತೇನೆ. ಬಳೆ ಬರುತ್ತದೆ, ಬೆನ್ನಿಗೇ ಜವಳಿ ಅಂಗಡಿಯ ಕರಪತ್ರ. ರೊಟ್ಟಿ ಬರುತ್ತದೆ; ಬೆನ್ನಿಗೇ ಖಾನಾವಳಿ ಬೋರ್ಡು. ಓಬಣ್ಣ ಸೋತರು. ಅವರ ಪದ್ಯ ಇನ್ನೂ ಬಸ್‌ಸ್ಟ್ಯಾಂಡ್ ಗೋಡೆಯ ಮೇಲಿದೆ, ನನ್ನ ಬಾಯಲ್ಲೂ. ಆ ಎಂಟು ಪುಟಕ್ಕೂ ಪ್ರಾಸವಿದ್ದಿದ್ದರೆ ಬಾಯಲ್ಲಿ ಉಳಿಯುತ್ತಿದ್ದವು.

೪ ನವೆಂಬರ್

ಶಿವಲೀಲಾ ಅಕ್ಕಿ ಆರಿಸುವುದನ್ನು ಬಿಟ್ಟಿದ್ದಾಳೆ. ಮೊರವನ್ನು ಪಕ್ಕದ ನಾಗಕ್ಕನಿಗೆ ಕೊಟ್ಟು ಗೋಡೆ ಹಿಡಿದು ಒಳಗೆ ಬಂದಳು. ಎಂಟು ಪುಟವಾಗಿದೆ ಎಂದಷ್ಟೇ ಅವಳಿಗೆ ಹೇಳಿದ್ದೆ; ಬಿಚ್ಚಿದ್ದನ್ನು ಹೇಳಿರಲಿಲ್ಲ.

"ಪುಸ್ತಕ ಬಿಡ್ರಿ. ಎಂಟರಾಗ ಒಂದು ಬಾಯಿಲೇ ಹೇಳ್ರಿ. ಕಿವಿ ಚಲೋ ಅದಾವ."

ಪ್ರೆಸ್ಸಿನಲ್ಲಿ ನಿಲ್ಲುವ ಹಾಗೆ ನಿಂತೆ. 'ಬಳೆ ಸರಿಸಿ ಮೊಳಕೈಗೆ, ಹಿಟ್ಟಿಗೆ ಬಗ್ಗಿ...' ಅವಳ ಕೈ ತಾನಾಗಿ ಬಳೆಗೆ ಹೋಯಿತು.

ನಾಲಿಗೆ ತುದಿಗೆ ಓಬಣ್ಣ ಬಂದು ನಿಂತರು.

"ಹ್ಞೂಂ. ಮುಂದ?" ಅಂದಳು.

ಮುಂದೆ —