ಖಾಲಿ ಸ್ಟ್ರಿಪ್ ತೋರಿಸಿದರೆ ಮಾತ್ರ ಮಾತ್ರೆ

ಔಷಧ ಉಗ್ರಾಣದ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ಸುತ್ತೋಲೆ ನನ್ನ ಅಕ್ಕನನ್ನು ಕೊಂದಿತು ಎಂದರೆ ಅರ್ಧ ಸುಳ್ಳಾಗುತ್ತದೆ. ಉಳಿದರ್ಧಕ್ಕೆ ನಾನಿದ್ದೇನೆ.

'ಒಮ್ಮೆಗೆ ಎರಡು ದಿನದ ಮಾತ್ರೆ. ಖಾಲಿ ಸ್ಟ್ರಿಪ್ ತೋರಿಸಿದರೆ ಮಾತ್ರ ಮುಂದಿನದು.' ಆಸ್ಪತ್ರೆಯ ಔಷಧ ಕಿಟಕಿಗೆ ಅಂಟಿಸಿದ ಈ ಆಜ್ಞೆ ತಮ್ಮದೇ. ಮಾತ್ರೆ ಪೋಲಾಗಬಾರದೆಂಬ ಕಾಳಜಿ. ಮನುಷ್ಯರ ಬಗ್ಗೆ ಬೇರೆ ಸುತ್ತೋಲೆ ಇರಬಹುದು. ಅಕ್ಕ ದರ್ಜಿ. ಮೂತ್ರಪಿಂಡದ ಸೋಂಕಿಗೆ ಡಾಕ್ಟರು ದಿನಕ್ಕೆರಡರಂತೆ ಹತ್ತು ದಿನದ ಮಾತ್ರೆ ಬರೆದರು, ಕಿಟಕಿ ನಾಲ್ಕೇ ಮಾತ್ರೆ ಕೊಟ್ಟಿತು. ಮಾರನೆಯ ದಿನದಿಂದ ಮೂರು ದಿನ ರಜೆ. ಸಾಲದೇ ಹೋದ ಬಟ್ಟೆಯನ್ನೂ ಸಾಲುವಂತೆ ಕತ್ತರಿಸುವುದು ಅವಳ ಕಸುಬು. ಅದೇ ಕತ್ತರಿಯಿಂದ ಮಾತ್ರೆಗಳನ್ನು ಅರ್ಧರ್ಧ ಮಾಡಿದಳು. ಸೋಮವಾರ ಕಿಟಕಿಗೆ ಹೋದಾಗ ಸ್ಟ್ರಿಪ್ಪಿನೊಳಗೆ ಒಂದು ಚೂರು ಉಳಿದಿತ್ತು.

"ಇನ್ನೂ ಇದೆಯಲ್ಲಮ್ಮ ಒಳಗೆ" ಎಂದ ಕಿಟಕಿಯವನು.

"ಅರ್ಧ ಕಣಪ್ಪ. ಬೇಕಾದ್ರೆ ನಿನ್ನ ಮುಂದೇನೇ ನುಂಗ್ತೀನಿ, ನೋಡ್ಕೋ."

"ನುಂಗೋದೆಲ್ಲ ಮನೇಲಿ. ಖಾಲಿ ಮಾಡ್ಕೊಂಡು ನಾಳೆ ಬನ್ನಿ."

ಇದನ್ನು ಅವಳೇ ನಾನು ಕೆಲಸ ಮಾಡುವ, ಅದೇ ಆಸ್ಪತ್ರೆಯ ಪ್ರಯೋಗಾಲಯದ ಬಾಗಿಲಲ್ಲಿ ನಿಂತು ನಗುತ್ತ ಹೇಳಿದಳು: "ನೋಡೋ ಪ್ರಾಸದಾಸ, ಉಳಿತಾಯ ಮಾಡಿ ಬೈಸ್ಕೊಂಡಿದ್ದು ಇದೇ ಮೊದಲು."

ಆ ನಾಲ್ಕು ದಿನ ಅವಳ ಒಳಗೆ ಏನಾಗಿರಬಹುದು, ಬಲ್ಲಿರಾ? ಆ ಮಾತ್ರೆ ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ತುಂಡರಿಸುತ್ತದೆ. ಪೂರ್ತಿ ಪ್ರಮಾಣವಿದ್ದರೆ ಜೀವಿ ಸಾಯುತ್ತದೆ. ಅರೆಬರೆಯಾದರೆ ಗಾಯಗೊಂಡು ಬದುಕುತ್ತದೆ. ಅದರ ದುರಸ್ತಿ ವಂಶವಾಹಿಗಳ ಮೇಲೆ ಒಂದು ಕಾವಲು ಪ್ರೋಟೀನ್ ಕೂತಿರುತ್ತದೆ. ಡಿಎನ್‌ಎ ಮುರಿದ ಸುದ್ದಿ ತಲುಪಿದ ಕೂಡಲೇ ಕಾವಲು ಕಳಚುತ್ತದೆ, ವಂಶವಾಹಿಗಳು ಒಂದೊಂದಾಗಿ ಎಚ್ಚರಗೊಳ್ಳುತ್ತವೆ. ಕಡತ ಮೇಜಿನಿಂದ ಮೇಜಿಗೆ ಹೋಗಬೇಕಿಲ್ಲ. ಈ ವಿಷಯದಲ್ಲಿ ಅದು ತಮ್ಮ ಕಚೇರಿಗಿಂತ ಚುರುಕು. ಕೊನೆಗೆ ಬರುವವನು ಅವಸರದ ನಕಲುಗಾರ. ಹರಿದ ಹಾಳೆಯನ್ನೂ ನಿಲ್ಲಿಸದೆ ನಕಲು ಮಾಡುವ ಈ ಕಿಣ್ವ ಸಾಲುಸಾಲು ತಪ್ಪು ಬರೆಯುತ್ತದೆ. ಹೆಚ್ಚಿನ ತಪ್ಪುಗಳಿಂದ ಲಾಭವಿಲ್ಲ, ಕೆಲವು ಜೀವ ತೆಗೆಯುತ್ತವೆ. ಕೋಟಿಯಲ್ಲೊಂದು ತಪ್ಪು, ಮಾತ್ರೆ ಹಿಡಿಯುವ ಜಾಗವನ್ನೇ ಬದಲಿಸಿಬಿಡುತ್ತದೆ. ಆಮೇಲೆ ಆ ಒಂದರದ್ದೇ ಸಂತಾನ. ಅಕ್ಕನಲ್ಲಿ ಹೀಗೇ ಆಯಿತೆಂದು ಆಣೆ ಮಾಡಲಾರೆ. ಅಂಥದ್ದೊಂದು ಮೊದಲೇ ಅಡಗಿದ್ದಿರಲೂಬಹುದು. ಆದರೆ ಎರಡಕ್ಕೂ ಬಾಗಿಲು ತೆರೆದದ್ದು ಅರೆ ಮದ್ದೇ.

ಅವಳ ಮೂತ್ರ ಪರೀಕ್ಷೆಯ ಮೊದಲ ವರದಿಯಲ್ಲಿ 'ಈ ಔಷಧ ನಾಟುತ್ತದೆ' ಎಂದಿತ್ತು. ಮಂಗಳವಾರದಿಂದ ಮತ್ತೆ ಎರಡೆರಡು ದಿನದ ಮಾತ್ರೆ ಸಿಕ್ಕರೂ ಜ್ವರ ಇಳಿಯಲಿಲ್ಲ. ಹನ್ನೆರಡು ದಿನದ ನಂತರದ್ದರಲ್ಲಿ 'ನಾಟುವುದಿಲ್ಲ'. ಬೇರೆ ಔಷಧ ಹುಡುಕುವಷ್ಟರಲ್ಲಿ ಸೋಂಕು ರಕ್ತಕ್ಕೆ ಇಳಿದಿತ್ತು. ಎರಡೂ ವರದಿಗಳ ಕೆಳಗಿರುವುದು ನನ್ನ ಸಹಿ.

ಇನ್ನು ನನ್ನ ಪಾಲಿನ ಅರ್ಧ. ರಜೆಯ ಹಿಂದಿನ ದಿನ ಅಕ್ಕ ಫೋನ್ ಮಾಡಿದ್ದಳು: "ಮೂರು ದಿನ ಬಾಗ್ಲು ಹಾಕ್ತಾರಂತೆ. ಅರ್ಧರ್ಧ ಮಾಡ್ಕೊಳ್ಲೇನೋ?" ಕೈಯಲ್ಲಿ ಗವಸು, ಮುಂದೆ ಬ್ಯಾಕ್ಟೀರಿಯಾ ಬೆಳೆಸಿದ, ಎಣಿಸಬೇಕಾದ ತಟ್ಟೆಗಳ ರಾಶಿ. "ಹ್ಞೂ, ಸದ್ಯಕ್ಕೆ ಹಾಗೇ ಮಾಡಕ್ಕ" ಎಂದೆ. ನನ್ನ ಮೇಜಿನ ಎದುರು ಗೋಡೆಯಲ್ಲಿ ನಾನೇ ಬರೆದು ಅಂಟಿಸಿದ ಚೀಟಿಯಿದೆ: 'ಅರ್ಧ ಮದ್ದು, ರೋಗಕ್ಕೆ ಮುದ್ದು.' ಪ್ರಾಸ ಚೆನ್ನಾಗಿದೆ ಎಂದು ಹೊಗಳಿದವಳು ಅವಳೊಬ್ಬಳೇ.

ನನ್ನ ಬೇಡಿಕೆ ಒಂದೇ: ಆ ಆಜ್ಞೆಯನ್ನು ಕಿತ್ತುಹಾಕಿ, ಡಾಕ್ಟರು ಬರೆದಷ್ಟನ್ನೂ ಒಮ್ಮೆಗೇ ಕೊಡಿಸಿ. ಅವಳ ನೂಲಿನ ಡಬ್ಬಿಯಲ್ಲಿ ಸಿಕ್ಕ ಕೊನೆಯ ಸ್ಟ್ರಿಪ್ಪನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಪರೀಕ್ಷಿಸಿ ನೋಡಿ, ಪೂರ್ತಿ ಖಾಲಿ. ತಮ್ಮ ನಿಯಮದಂತೆ ಅವಳಿಗೆ ಮುಂದಿನದು ಸಿಗಬೇಕು. ಅದನ್ನು ಸಾಲಿನಲ್ಲಿ ಅವಳ ಹಿಂದೆ ನಿಂತಿದ್ದವರಿಗೆ ಕೊಡಿ.

ಇಂತಿ,
ಗೋಡೆಗೆ ಬುದ್ಧಿ ಹೇಳಿ, ಅಕ್ಕನಿಗೆ ಹ್ಞೂ ಎಂದವನು