ಸಹಿ ಮಗನದು, ಕಟ್ಟು ಸೊಸೆಗೆ

ಒಪ್ಪಂದಗಳ ನೋಂದಣಿ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಹಿತ್ತಲಿನ ಹಗ್ಗದ ಮೇಲೆ ಒಣಗುವ ಅಂಗಿ ಯಾರದು ಎಂದು ಕೇಳುವ ಅಧಿಕಾರವನ್ನು ನೀವು ಒಂದು ಲಾಂಡ್ರಿ ಕಂಪನಿಗೆ ಕೊಟ್ಟಿದ್ದೀರಿ. ಕೊಟ್ಟದ್ದು ನಾವಲ್ಲ, ಕರಾರು ಎನ್ನುತ್ತೀರೇನೋ. ಆ ಕರಾರಿನ ಪ್ರತಿ ಹಾಳೆಯ ಮೇಲೂ ನಿಮ್ಮ ಕಚೇರಿಯ ಮೊಹರಿದೆ. ಅದರ ಬಲದಿಂದ ನನ್ನ ಸೊಸೆಗೆ ನೋಟಿಸು ಬಂದಿದೆ: ಅವಳು ಇನ್ನು ಐದು ವರ್ಷ ಈ ಊರಿನಲ್ಲಿ ಯಾರ ಬಟ್ಟೆಯನ್ನೂ ಕೂಲಿಗೆ ಒಗೆಯಕೂಡದು. ಅವಳು ಆ ಕರಾರಿಗೆ ಸಹಿ ಹಾಕಿದವಳಲ್ಲ. ಬೀದಿಯ ಕೊನೆಯಲ್ಲಿ ಒಂದು ಕೋಣೆ ಹಿಡಿದು, ತೊಟ್ಟಿ ಕಟ್ಟಿಸಿ, ನಲ್ಲಿ ಹಾಕಿಸಿ, ಸ್ವಂತ ಲಾಂಡ್ರಿಯ ಬಾಗಿಲು ತೆರೆಯಲು ಕಾದು ಕೂತಿದ್ದಾಳೆ. ಅವಳು ತೆರೆಯಬಹುದೋ ಇಲ್ಲವೋ? ನನ್ನ ಪ್ರಶ್ನೆ ಇಷ್ಟೇ. ನಿಮ್ಮ ಕಚೇರಿಗೆ ಬಂದು ಕೇಳಿದೆ, ಉತ್ತರ ಸಿಗಲಿಲ್ಲ. ಆದ್ದರಿಂದ ಈ ಬಹಿರಂಗ ಪತ್ರದಲ್ಲಿ ಊರಿನ ಎದುರಿಗೆ ಕೇಳುತ್ತಿದ್ದೇನೆ.

ನಾನು ಹೈಸ್ಕೂಲಿನವರೆಗೆ ಓದಿದವಳು. ಅಷ್ಟು ಓದು ಒಂದು ಕರಾರನ್ನು ಅರ್ಥ ಮಾಡಿಕೊಳ್ಳಲು ಸಾಲದು ಎಂದು ಕಂಪನಿಯ ಏಜೆಂಟು ನಗುನಗುತ್ತಲೇ ಹೇಳಿದ್ದ. ನಮ್ಮ ಹಳೆಯ ಲಾಂಡ್ರಿ ನನ್ನ ಅತ್ತೆ ಕಟ್ಟಿದ್ದು. ಅವರ ನಂತರ ನಾನು ನಡೆಸಿದೆ, ನನ್ನ ನಂತರ ಸೊಸೆ. ಮಗ ಇಸ್ತ್ರಿ ಮೇಜಿನವನು. ಅವನಿಗೆ ಒಂದು ದಿನ, ಈ ಕಂಪನಿಯ ಹೆಸರಿನಲ್ಲಿ ಅಂಗಡಿ ನಡೆಸುವ ಫ್ರಾಂಚೈಸಿಯ ಹುಚ್ಚು ಹಿಡಿಯಿತು. ದೊಡ್ಡ ಹೆಸರು, ದೊಡ್ಡ ಯಂತ್ರ, ಗಾಜಿನ ಬಾಗಿಲು. ನಾನು ಬೇಡವೆಂದೆ.

"ಅಮ್ಮಾ, ಬೋರ್ಡ್ ಮಾತ್ರ ಅವರದು. ಅಂಗಡಿ ನಮ್ದೇ ಅಲ್ವಾ?" ಎಂದ.

"ಬೋರ್ಡ್ ಅವರದಾದ್ರೆ ಬೀಗ ಯಾರದೋ?" ಎಂದು ಕೇಳಿದೆ.

ಮಗ ಸಹಿ ಹಾಕಿದ, ಉತ್ತರವನ್ನು ಕರಾರೇ ಕೊಟ್ಟಿತು. ಅಂಗಡಿಯ ಬಾಡಿಗೆ ಪತ್ರವನ್ನು ಕಂಪನಿಯ ಹೆಸರಿಗೆ ವರ್ಗಾಯಿಸಬೇಕು ಎಂಬುದು ಅದರ ಒಂದು ಷರತ್ತು. ಮಗ ವರ್ಗಾಯಿಸಿದ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಎಂದರೆ ಇದೇ. ನನ್ನ ಅತ್ತೆ ನೆಲಕ್ಕೆ ಕಲ್ಲು ಹಾಸಿಸಿದ ಅಂಗಡಿಗೆ ನಾವೇ ಅತಿಥಿಗಳಾದೆವು.

ಆಮೇಲೆ ಕಂಪನಿಯಿಂದ ಇಬ್ಬರು ತರಬೇತಿಗೆಂದು ಬಂದರು. ಕಲಿಸಲು ಬಂದಿದ್ದಾರೆ ಎಂದುಕೊಂಡೆವು. ಅವರು ಸ್ಟೂಲಿನ ಮೇಲೆ ಕೂತು ನನ್ನ ಸೊಸೆಯ ಕೈಯನ್ನೇ ನೋಡುತ್ತಿದ್ದರು. ಚಹಾ ಕಲೆಗೆ ಏನು ಹಾಕುತ್ತಾಳೆ, ತುಕ್ಕಿನ ಕಲೆಗೆ ಏನು, ರೇಷ್ಮೆಯನ್ನು ಯಾಕೆ ಹಿಂಡುವುದಿಲ್ಲ, ಎಲ್ಲವನ್ನೂ ಬರೆದುಕೊಂಡರು. ಕೆಲವು ತಿಂಗಳಿಗೆ ಅದೇ ವಿದ್ಯೆ ಬಣ್ಣದ ಪುಸ್ತಕವಾಗಿ ವಾಪಸು ಬಂತು. ಮೇಲೆ 'ಗೋಪ್ಯ, ಕಂಪನಿಯ ಸ್ವತ್ತು' ಎಂಬ ಅಚ್ಚು. ಮಾನ್ಯರೇ, ನನ್ನ ಅತ್ತೆ ತಲೆಗೆ ಮೊಟಕಿ ಕಲಿಸಿದ ವಿದ್ಯೆ ಈಗ ಕಂಪನಿಯ ಗುಟ್ಟು. ಅದನ್ನು ಹೊರಗೆ ಬಳಸಿದರೆ ಕಳ್ಳತನವಂತೆ. ಯಾರ ಮನೆಗೆ ಯಾರು ಕನ್ನ ಹಾಕಿದ್ದು?

ಕರಾರಿನ ಅವಧಿ ಮುಗಿಯುತ್ತ ಬಂದಾಗ ಪಕ್ಕದ ಬೀದಿಯಲ್ಲಿ ಅದೇ ಕಂಪನಿಯ ಅಂಗಡಿ ತೆರೆಯಿತು. ಈ ಭಾಗ ನಮಗೆ ಮಾತ್ರ ಎಂದು ಬಾಯಲ್ಲಿ ಹೇಳಿದ್ದರು. ಕರಾರಿನಲ್ಲಿ ಆ ಮಾತೇ ಇರಲಿಲ್ಲ. ಬಾಯಿಮಾತಿಗೆ ಮೊಹರು ಬೀಳುವುದಿಲ್ಲ ನೋಡಿ. ನಂತರ, ಕರಾರು ನವೀಕರಿಸುವುದಿಲ್ಲ ಎಂಬ ಒಂದು ಸಾಲಿನ ಪತ್ರ. ಬಾಡಿಗೆ ಪತ್ರ ಅವರ ಹೆಸರಿನಲ್ಲಿದ್ದುದರಿಂದ ಬೀಗವೂ ಅವರದೇ ಆಯಿತು. ಜಗಳವಿಲ್ಲ, ಕೂಗಾಟವಿಲ್ಲ. ಬೆಳಿಗ್ಗೆ ಹೋದರೆ ನಮ್ಮ ಸಾಮಾನು ಮೆಟ್ಟಿಲ ಮೇಲಿತ್ತು. ಒಳಗೆ ಅವರ ಹುಡುಗಿಯರು ಆಗಲೇ ಯಂತ್ರಕ್ಕೆ ಬಟ್ಟೆ ತುಂಬುತ್ತಿದ್ದರು. ಮಗ ಅಂದಿನಿಂದ ಹೆಚ್ಚು ಮಾತನಾಡುವುದಿಲ್ಲ. ನಾನೂ ಮಾತಾಡಿಸುವುದಿಲ್ಲ, ಆಡಿದರೆ ಹೇಳಬಾರದ್ದು ಬಂದೀತು.

ಆ ಸಾಮಾನಿನಲ್ಲಿ ಒಂದು ದೊಡ್ಡ ಗಂಟಿತ್ತು. ಅದರ ವಿಷಯ ನಿಮಗೆ ತಿಳಿಯಬೇಕು. ಲಾಂಡ್ರಿಗೆ ಬಟ್ಟೆ ಕೊಟ್ಟು ತಿರುಗಿ ಬಾರದವರು ಪ್ರತಿ ವರ್ಷ ಕೆಲವರಿರುತ್ತಾರೆ. ಊರು ಬಿಟ್ಟವರು, ಮರೆತವರು, ತೀರಿಕೊಂಡವರು. ಬೇರೆ ಕಡೆ ಅವನ್ನು ಮಾರುತ್ತಾರೆ, ಇಲ್ಲವೇ ಒರೆಸುವ ಬಟ್ಟೆ ಮಾಡುತ್ತಾರೆ. ನಮ್ಮ ಅಂಗಡಿಯಲ್ಲಿ ಅದು ಕೂಡದು. ನಂಬಿ ಕೊಟ್ಟದ್ದು ನಮ್ಮದಾಗುವುದಿಲ್ಲ ಎಂದು ಅತ್ತೆ ಹೇಳುತ್ತಿದ್ದರು. ವರ್ಷಕ್ಕೊಮ್ಮೆ ಗಂಟು ಬಿಚ್ಚಿ, ಎಲ್ಲವನ್ನೂ ಒಗೆದು, ಬಿಸಿಲಿಗೆ ಹಾಕಿ, ಮಡಚಿ ಇಡಬೇಕು. ಪ್ರತಿ ಮನೆಗೆ ಒಂದು ದಾರದ ಗುರುತು. ಕಾಲರಿನ ಒಳಗೆ, ಕೆಂಪೋ ನೀಲಿಯೋ, ಒಂದು ಹೊಲಿಗೆಯೋ ಮೂರೋ. ಯಾರಾದರೂ ಬಂದು ಕೇಳಿದರೆ ಗುರುತು ನೋಡಿ ಕೊಡಬೇಕು. ಹಾಗೆ ಬಂದು ಒಯ್ದವರೂ ಇದ್ದಾರೆ. ಒಬ್ಬಳು ತಂದೆಯ ಕೋಟನ್ನು ಎದೆಗೆ ಒತ್ತಿಕೊಂಡು ಅಂಗಡಿಯಲ್ಲೇ ಕುಸಿದು ಕೂತಿದ್ದಳು.

ಈ ವರ್ಷದ ಒಗೆತವನ್ನು ನಾವು ಹಿತ್ತಲಿನಲ್ಲಿ ಮಾಡಿದೆವು, ಬೇರೆ ಜಾಗ ಎಲ್ಲಿದೆ? ಹಗ್ಗ ಸಾಲದೆ ಪಕ್ಕದ ಮನೆಯ ಹಗ್ಗವನ್ನೂ ಕೇಳಿ ತಂದೆವು. ಅದಕ್ಕೂ ಮೊದಲಿನಿಂದಲೇ ಬೀದಿಯಲ್ಲಿ ಒಂದು ಬೂದು ಕಾರು ನಿಲ್ಲುತ್ತಿತ್ತು, ಯಾರೂ ಇಳಿಯುತ್ತಿರಲಿಲ್ಲ. ಅಂದು ಒಬ್ಬ ಇಳಿದ. ಕಂಪನಿಯ ಕಡೆಯವನು; ಚೊಕ್ಕ ಬಟ್ಟೆಯ, ಮೆತ್ತಗಿನ ಮಾತಿನ ಯುವಕ. ನೇರ ಹಿತ್ತಲಿಗೆ ಬಂದು, ಒಂದೊಂದೇ ಕಾಲರು ತಿರುಗಿಸಿ ಫೋಟೊ ತೆಗೆಯತೊಡಗಿದ.

"ಇವೆಲ್ಲ ಯಾರ ಬಟ್ಟೆ ಅಜ್ಜಿ?"

"ನಾನು ನಿನಗೆ ಯಾವ ಕಡೆಯಿಂದ ಅಜ್ಜಿ ಆಗ್ಬೇಕಪ್ಪ? ಬಾಗಿಲು ತಟ್ಟಿ ಬಾ, ಆಮೇಲೆ ಸಂಬಂಧ ಹುಡುಕೋಣ."

ಅವನು ನಕ್ಕ. ಕೋಪಗೊಂಡಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. "ಒಂದೊಂದು ಬಟ್ಟೆಗೂ ಒಂದೊಂದು ಗುರುತು ಇದೆಯಲ್ಲ, ಅಂದ್ರೆ ಅಷ್ಟು ಗಿರಾಕಿಗಳು ಇದ್ದಾರೆ ಅಂತ ತಾನೆ?" ಎಂದ.

ಬಟ್ಟೆಗಳ ಕಥೆಯನ್ನು ನನ್ನ ಸೊಸೆ ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡ. "ಸರಿ ಅಕ್ಕ. ಹಾಗಿದ್ರೆ ಆ ಬಟ್ಟೆಯವರನ್ನೇ ಕರ್ಕೊಂಡು ಬಂದು ಹೇಳಿಸಿಬಿಡಿ, ಮುಗೀತು" ಎಂದು ಹೊರಟುಹೋದ.

ಯಾರನ್ನು ಕರೆದು ತರಲಿ, ಮಾನ್ಯರೇ? ಮಣ್ಣಾದವರನ್ನೇ? ವಿಳಾಸ ಬಿಡದೆ ಹೋದವರನ್ನೇ? ಅವರು ಬರಲಿಲ್ಲವೆಂದೇ ತಾನೆ ಬಟ್ಟೆ ನಮ್ಮಲ್ಲಿ ಉಳಿದದ್ದು? ಈಗ ನೋಟಿಸಿನಲ್ಲಿ ನನ್ನ ಸೊಸೆ ಗುಟ್ಟಾಗಿ ಧಂದೆ ನಡೆಸುತ್ತಿದ್ದಾಳೆ ಎಂದು ಬರೆದಿದೆ. ಸಾಕ್ಷಿಗೆ ನನ್ನ ಅತ್ತೆಯ ಹೊಲಿಗೆಗಳ ಫೋಟೊ. ನಮ್ಮ ಪ್ರಾಮಾಣಿಕತೆಯೇ ನಮ್ಮ ಮೇಲಿನ ಆರೋಪ.

ನಿಮ್ಮ ಕಚೇರಿಗೆ ಬಂದೆನೆಂದೆ. ಗುಮಾಸ್ತರು ಕೂರಿಸಿ ನೀರು ಕೊಟ್ಟರು, ಒಳ್ಳೆಯವರು. ಸಹಿ ಹಾಕದವಳನ್ನು ಕರಾರು ಹೇಗೆ ಕಟ್ಟುತ್ತದೆ ಎಂದು ಕೇಳಿದೆ. ಅವರು ಹಾಳೆ ತಿರುವಿ ಒಂದು ಕಲಮಿನ ಮೇಲೆ ಬೆರಳಿಟ್ಟರು: 'ಸಹಿದಾರರು, ಅವರ ರಕ್ತಸಂಬಂಧಿಗಳು ಮತ್ತು ವಿವಾಹದಿಂದ ಸಂಬಂಧಿಗಳಾದವರು'. ಇದನ್ನು ಓದಿಯೂ ಹೇಗೆ ಮೊಹರು ಹಾಕಿದಿರಿ ಎಂದೆ.

"ನಾವು ಓದಲ್ಲ ತಾಯಿ. ಹಾಳೆ ಎಣಿಸ್ತೀವಿ, ಮೊಹರು ಹಾಕ್ತೀವಿ."

ಮದುವೆಯಾಗಿ ಈ ಮನೆಗೆ ಬಂದದ್ದೇ ಅವಳ ಸಹಿ ಎಂದಾಯಿತು. ಹಾಗಾದರೆ ಶಾಲೆಗೆ ಹೋಗುವ ನನ್ನ ಮೊಮ್ಮಗಳು? ಅವಳನ್ನು ನಾಳೆ ಮದುವೆಯಾಗುವವನು? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಕಲಮಿನ ಕೆಳಗೆ ಎಲ್ಲ ಕಾಲವೂ ಕಂಪನಿಯದೇ. ನ್ಯಾಯ ಕೇಳೋಣವೆಂದರೆ ಅದಕ್ಕೂ ಕಲಮಿದೆ. ವ್ಯಾಜ್ಯವನ್ನು ಕಂಪನಿಯ ಊರಿನಲ್ಲಿ, ಕಂಪನಿ ನೇಮಿಸಿದ ಮಧ್ಯಸ್ಥಗಾರರೇ ತೀರ್ಮಾನಿಸುತ್ತಾರೆ. ಆಟಗಾರನೂ ಅವನೇ, ತೀರ್ಪುಗಾರನೂ ಅವನೇ, ಮೈದಾನವೂ ಅವನದೇ. ನಾವು ಚೆಂಡು.

ನೋಟಿಸು ಬಂದ ದಿನ ಸೊಸೆ ಒಲೆಯ ಮುಂದೆ ನಿಂತು, ನನ್ನ ಮುಖ ನೋಡದೆ, "ಅತ್ತೆ, ಆ ಗಂಟು ಸುಟ್ಟುಬಿಡೋಣ. ಅದಿಲ್ಲದಿದ್ರೆ ಅವರ ಹತ್ರ ತೋರಿಸೋಕೆ ಏನೂ ಇರಲ್ಲ" ಎಂದಳು. ಈ ಮನೆಗೆ ಬಂದಾಗಿನಿಂದ ಒಂದು ಕರವಸ್ತ್ರವನ್ನೂ ಕಳೆಯದವಳ ಬಾಯಲ್ಲಿ ಆ ಮಾತು. ನಾನು ಬೈಯಲಿಲ್ಲ, ಒಪ್ಪಲೂ ಇಲ್ಲ. ಒಂದು ಕರಾರು ಅಂಗಡಿಯನ್ನು ಕಸಿದುಕೊಂಡರೆ ತಡೆದುಕೊಂಡೇನು. ನನ್ನ ಮನೆಯ ಹೆಣ್ಣುಮಗಳು ಇನ್ನೊಬ್ಬರ ಬಟ್ಟೆಗೆ ಬೆಂಕಿ ಇಡಲು ಯೋಚಿಸುವ ಹಾಗೆ ಮಾಡಿದರೆ?

ಆದ್ದರಿಂದ ಬೇಡುತ್ತಿಲ್ಲ, ಕೇಳುತ್ತಿದ್ದೇನೆ. ಸಹಿ ಹಾಕದವರನ್ನು ಕಟ್ಟುವ ಆ ಕಲಮನ್ನು ನಿಮ್ಮ ಕಚೇರಿ ಹೊಡೆದುಹಾಕಲಿ. ವ್ಯಾಜ್ಯದ ವಿಚಾರಣೆ ಈ ಊರಿನಲ್ಲಿ, ನಮಗೆ ಅರ್ಥವಾಗುವ ಮಾತಿನಲ್ಲಿ ನಡೆಯಲಿ. ಉತ್ತರ ಬಂದರೂ ಬಾರದಿದ್ದರೂ ಬರುವ ಸೋಮವಾರ ನನ್ನ ಸೊಸೆ ಬಾಗಿಲು ತೆರೆಯುತ್ತಾಳೆ. ಅವಳ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ನಾನು ಕೂರುತ್ತೇನೆ. ಕಾರಿನವನು ನಮ್ಮಿಬ್ಬರ ಫೋಟೊವನ್ನೂ ತೆಗೆಯಲಿ.

ಇನ್ನೊಂದು ಮಾತು. ನಮ್ಮ ಬೀದಿಯ ಬೇಕರಿಯ ಮುಂದೆ ಮೊನ್ನೆ ಯಾವುದೋ ದೊಡ್ಡ ಬೇಕರಿ ಕಂಪನಿಯ ಇಬ್ಬರು ಬಂದು ಬೋರ್ಡಿನ ಅಳತೆ ತೆಗೆದರು. ನಾನು ಹೋಗಿ ಬೇಕರಿಯವನಿಗೆ ಬುದ್ಧಿ ಹೇಳಿದೆ. ಬಾಡಿಗೆ ಪತ್ರ ಯಾರ ಹೆಸರಿಗೆ ಹೋಗುತ್ತದೆ, ನಿನ್ನ ಜೊತೆ ಇನ್ನು ಯಾರ್ಯಾರನ್ನು ಕಟ್ಟುತ್ತದೆ, ಜಗಳವಾದರೆ ಯಾವ ಊರಿಗೆ ಓಡಬೇಕು ಎಂದು ಕೇಳಿ ತಿಳಿದು, ಆಮೇಲೆ ಪೆನ್ನು ಹಿಡಿ ಎಂದೆ. ಅವನು ಕೈಯ ಹಿಟ್ಟು ಒರೆಸಿಕೊಂಡು ನಗುತ್ತ, "ಅಯ್ಯೋ ಅಮ್ಮಾ, ಸಹಿ ನಿನ್ನೆಯೇ ಆಯ್ತಲ್ಲ" ಎಂದ. ಹಿಂದೆ ಅವನ ಹೆಂಡತಿ ಭಟ್ಟಿಯಿಂದ ಬ್ರೆಡ್ಡಿನ ತಟ್ಟೆ ಹೊರಗೆಳೆಯುತ್ತಿದ್ದಳು. ಅವಳು ಸಹಿ ಹಾಕಿಲ್ಲ. ಅವಳನ್ನು ಯಾರೂ ಕೇಳಿಯೂ ಇಲ್ಲ.

ಆ ಬೇಕರಿಯ ಕರಾರಿನ ಹಾಳೆಗಳು ಈ ವಾರ ನಿಮ್ಮ ಮೇಜಿಗೆ ಬರುತ್ತವೆ. ಎಣಿಸಬೇಡಿ, ಓದಿ.

ಇಂತಿ,
ತಾನು ಹಾಕದ ಸಹಿಗೆ ಮನೆ ಸಮೇತ ಕಟ್ಟುಬಿದ್ದಿರುವ
ಒಬ್ಬ ಅತ್ತೆ