ಸೋಮವಾರದ ಬಾವಿ

ಏಪ್ರಿಲ್ 22, 1946, ಸೋಮವಾರ. ರಾಯಚೂರು

ಹಪ್ಪಳ ಮುಗಿಯಿತು. ಮಾಳಿಗೆಯ ಮೇಲೆ ಒಣಹಾಕಿ ಇಳಿದರೆ ಅವ್ವ ಒಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಹಪ್ಪಳ ಲಟ್ಟಿಸೀದ್ಯೋ, ಭೂಗೋಳದ ನಕಾಶಿ ತಗದೀದ್ಯೋ?"

ಹೈದರಾಬಾದಿನ ಹುಡುಗಿಯರ ಶಾಲೆಯಲ್ಲಿ ಕಲಿಸುವವಳಿಗೆ ಬೇಸಿಗೆ ರಜೆಯಲ್ಲಿ ತವರಿನಲ್ಲಿ ಸಿಗುವ ಮರ್ಯಾದೆ ಇಷ್ಟೇ.

ಮಧ್ಯಾಹ್ನ ಶರಣಮ್ಮನ ತೋಟಕ್ಕೆ. ಗುಂಜಹಳ್ಳಿ ದಾರಿಯಲ್ಲಿದೆ. ಪಕ್ಕದ ಮನೆಯ ಗುಲ್ಶನ್ ಬೇಗಂ ಕೂಡ ಬಂದಳು. ಮೂವರೂ ಒಂದೇ ಓಣಿಯಲ್ಲಿ ಕುಂಟೆಬಿಲ್ಲೆ ಆಡಿದವರು. ಸೋಮವಾರ ಬಸವನ ವಾರ, ಶರಣಮ್ಮನ ಮನೆಯಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಚಕ್ಕಡಿ ಬರಲಿಲ್ಲ. ದಸ್ತಗೀರ್ ಸಾಬನ ಟಾಂಗಾ ಹಿಡಿದೆವು. ಎತ್ತು ಇಲ್ಲವೆಂದರೆ ನೀರೆತ್ತುವ ತೊಗಲಿನ ಮೊಟ್ಟೆಯೂ ನಡೆಯುವುದಿಲ್ಲ. ಬಾವಿಯ ಹತ್ತಿರ ಗಂಡಸರ ಸುಳಿವಿಲ್ಲ.

ಅದಕ್ಕೇ ಇರಬೇಕು. ನನ್ನ ವಯಸ್ಸಿನವಳು, ನಲವತ್ತೆಂಟು, ಅಕ್ಕಿ ಗಿರಣಿಯ ಯಜಮಾನಿ ಶರಣಮ್ಮ ಸೀರೆ ಕಚ್ಚೆ ಹಾಕಿ ಮೇಲಿನ ಮೆಟ್ಟಿಲಿನಿಂದ ಧಡಲ್ ಎಂದು ಜಿಗಿದಳು. ನೀರು ಬಾಯಿ ತೆರೆದು ಮುಚ್ಚಿತು. ಸ್ವಲ್ಪ ಹೊತ್ತಿಗೆ ನಗುವ ತಲೆಯೊಂದು ಮೇಲೆ ಬಂತು.

ಹೊಳೆ, ಕಡಲು, ದಾಟುವುದು — ಎಷ್ಟು ಪದ್ಯ ಪಾಠ ಮಾಡಿದ್ದೇನೆ. ಮೊಣಕಾಲಿನ ಮೇಲೆ ನೀರು ಹತ್ತಿದ ನೆನಪಿಲ್ಲ. ನೀರು ಮನುಷ್ಯರನ್ನು ಹೊರುತ್ತದೆ. ಹೇಗೆ? ಕೇಳಿದೆ.

"ಅದನ್ನೇನ್ ಹೇಳೂದು? ನೀ ನಿದ್ದಿ ಹೆಂಗ ಮಾಡ್ತಿ, ಹೇಳು ನೋಡೂಣು," ಅಂದಳು ಶರಣಮ್ಮ. "ಬರೂ ಸೋಮಾರ ಒಂದು ಸೋರೆ ಬುರುಡಿ ತೊಗೊಂಡ ಬಾ, ಬೆನ್ನಿಗೆ ಕಟ್ಟತೀನಿ. ಎಂ.ಎ. ಪಾಸಾದಾಕಿ ತೇಲತಾಳೋ ಮುಳಗತಾಳೋ ನೋಡೇಬಿಡೂಣು."

ಏಪ್ರಿಲ್ 28

ಬುರುಡೆ ಸಿಕ್ಕಿತು. ಉಗ್ರಾಣದ ತೊಲೆಗೆ ತೂಗುಹಾಕಿತ್ತು. ಒಣಗಿದ ಕಹಿಸೋರೆ, ಕೊಡದಷ್ಟು ದೊಡ್ಡದು. ಬೆರಳಿನಿಂದ ತಟ್ಟಿದೆ. ಬಹಳ ಹೊತ್ತು ಗುಂಯ್ ಎಂದಿತು. ಬೀಜ ತುಂಬಿಡಲು ಇಟ್ಟಿರಬೇಕು. ತಮ್ಮ ಪ್ರಾಣೇಶ ನಾಳೆ ಕಚೇರಿಗೆ ಹೋದಮೇಲೆ ಇಳಿಸುವುದು. ಈ ವಯಸ್ಸಿನಲ್ಲಿ ಅಕ್ಕ ಬಾವಿಗೆ ಬೀಳಲು ಹೊರಟಿದ್ದಾಳೆ ಎಂದು ಕೇಳಿದರೆ ನಗುತ್ತಾನೆ.

ಏಪ್ರಿಲ್ 29, ಸೋಮವಾರ

ತೇಲಿದೆ. ಅಂದರೆ ಬುರುಡೆ ತೇಲಿತು, ನಾನು ಅದಕ್ಕೆ ಜೋತುಬಿದ್ದಿದ್ದೆ.

ಗುಲ್ಶನ್ ನೀರಿಗೆ ಇಳಿಯುವವಳಲ್ಲ. ಮೆಟ್ಟಿಲ ಮೇಲೆ ಕೂತು ಎಲೆ-ಅಡಿಕೆ ಹಾಕಿಕೊಂಡು ಹುಕುಂ ಕೊಡುವುದಷ್ಟೆ.

"ಕಾಲ ಬಡಿ ಬೇ, ಕಾಲು. ನೀರಿಗೆ ಸಲಾಂ ಮಾಡಾಕ ಬಂದಿಯೇನ?"

ಮೇ 13, ಸೋಮವಾರ

ಮೂರನೆಯ ಪಾಠ. ಈ ದಂಡೆಯಿಂದ ಆ ದಂಡೆಗೆ ಹೋದೆ, ಬುರುಡೆಯ ಜೊತೆಗೆ. ನೀರಿನೊಳಗೆ ಕಣ್ಣು ತೆರೆದೆ... ಹಸಿರು. ಮೇಲಿನಿಂದ ಬೆಳಕು ಕಂಬದ ಹಾಗೆ ಇಳಿದಿತ್ತು. ಯಾವ ಕವಿಯೂ ಇದನ್ನು ಹೇಳಿದ್ದು ನೆನಪಾಗಲಿಲ್ಲ. ಬಹುಶಃ ಯಾರೂ ಬಾವಿಗೆ ಬಿದ್ದಿರಲಿಲ್ಲ.

ಮೇ 17, ಶುಕ್ರವಾರ

ಕಚೇರಿಗೆ ಜುಮ್ಮಾ ರಜೆ. ಪ್ರಾಣೇಶ ಮನೆಯಲ್ಲಿದ್ದ. ಉಗ್ರಾಣದಲ್ಲಿ ಸ್ಟೂಲ್ ಹತ್ತಿ ಬುರುಡೆ ತಟ್ಟುವ ಸದ್ದು ಕೇಳಿಸಿತು.

"ಅವ್ವಾ, ದನಿ ಯಾಕೋ ಇಳದದಲ್ಲ ಇದರದು."

ಆಮೇಲೆ ತಿಳಿಯಿತು. ಅಪ್ಪ ತನ್ನ ಕೊನೆಯ ವರ್ಷದಲ್ಲಿ ಹಿತ್ತಲಲ್ಲಿ ಬಳ್ಳಿ ಹಬ್ಬಿಸಿ, ಒಂದೇ ಕಾಯಿ ಉಳಿಸಿ, ಬೆಳೆಸಿದ ಬುರುಡೆಯಂತೆ. ತಂಬೂರಿ ಮಾಡಿಸಲಿಕ್ಕೆ. ಮಿರಜಿನ ಕಾರೀಗರ ಬುರ್ಹಾನುದ್ದೀನ್ ಮಾನ್ವಿಗೆ ಬಂದಿದ್ದಾನೆ, ಬರುವ ಶುಕ್ರವಾರ ಒಯ್ದು ಕೊಡಬೇಕು. ನಾನು ಹೈದರಾಬಾದಿನಲ್ಲಿದ್ದೆ. ನನಗೆ ಯಾರೂ ಹೇಳಿರಲಿಲ್ಲ.

ನನ್ನ ಹದಿನಾರನೆಯ ವಯಸ್ಸಿಗೆ ಗಂಡ ಸತ್ತಾಗ ಊರಿನವರನ್ನೆಲ್ಲ ಎದುರುಹಾಕಿಕೊಂಡು ಪುಣೆಗೆ ಓದಲು ಕಳಿಸಿದವನು ಅಪ್ಪ. ಅವನ ತಂಬೂರಿಯನ್ನು ನಾನು ಮೂರು ಸಲ ನೀರಿಗೆ ಹಾಕಿದ್ದೇನೆ.

ಸಂಜೆ ಅವ್ವ ಬುರುಡೆ ಮೂಸಿ ನೋಡಿದಳು. "ಬಾವಿ ಪಾಚಿ ವಾಸನಿ ಬರ್ಲಿಕ್ಕತ್ತದ."

ಎಲ್ಲ ಹೇಳಿದೆ. ಬಯ್ಯಲಿಲ್ಲ. ಕೇಳಿದಳು: "ನೀರಾಗ ಕಣ್ಣ ತಗದ್ರ ಏನ್ ಕಾಣ್ತದ?"

ಹಸಿರು, ಬೆಳಕಿನ ಕಂಬ ಅಂದೆ.

"ಹೌದಾ?" ಎಂದಳು. ಏಳುವಾಗ, "ಪ್ರಾಣೇಶಗ ನೀನ ಹೇಳು. ನಾ ಹೇಳಂಗಿಲ್ಲ."

ಮೇ 18

ಹೇಳಿದೆ. ಅವನು ಪಂಚೆಯ ಅಂಚು ಸರಿಮಾಡಿಕೊಂಡ.

"ಅಪ್ಪನ ತಂಬೂರಿ ಬೆನ್ನಿಗೆ ಕಟಗೊಂಡು ಬಾವ್ಯಾಗ ಇಳದಿದ್ಯಾ?"

ಅಷ್ಟೇ. ರಾತ್ರಿ ಊಟಕ್ಕೆ ಕೂತಾಗಲೂ ತಲೆ ಎತ್ತಲಿಲ್ಲ.

ಮೇ 20, ಸೋಮವಾರ

ಬುರುಡೆಯಿಲ್ಲದೆ ಇಳಿದೆ. ಮುಳುಗಿದೆ. ಮತ್ತೆ ಇಳಿದೆ, ಮತ್ತೆ ಮುಳುಗಿದೆ. ಮೂಗಿನ ತುಂಬ ನೀರು.

"ಕಲ್ಲು ಇದ್ದಂಗ ಅದೀಯಲ್ಲ ಬೇ," ಅಂದಳು ಶರಣಮ್ಮ, ತೋಳು ಹಿಡಿದು ಎಳೆಯುತ್ತ. "ಬ್ಯಾರೇ ಬುರುಡಿ ತರಸ್ತೀನಿ ತಡಿ."

ಬೇಡ ಅಂದೆ. ಅಪ್ಪನ ಬುರುಡೆ ಕೆಡಿಸಿ ಕಲಿತದ್ದು ಇನ್ನೊಂದು ಬುರುಡೆಗೆ ಜೋತುಬೀಳುವುದನ್ನೇ ಎಂದಾದರೆ... ಇಲ್ಲ, ಬೇಡ. ಜೂನ್ ಏಳಕ್ಕೆ ಎಲ್ಲರೂ ದೇವದುರ್ಗದ ಕಡೆ ಕೃಷ್ಣೆಗೆ ಹೋಗುವುದೆಂದು ಮಾತಾಗಿದೆ. ಅದರ ಮರುದಿನವೇ ನನ್ನ ರೈಲು. ಹೈದರಾಬಾದಿನಲ್ಲಿ ನನಗೆ ಬಾವಿಯಿಲ್ಲ, ಶರಣಮ್ಮನಿಲ್ಲ.

ಮೇ 24, ಶುಕ್ರವಾರ. ಮಾನ್ವಿ

ಬಸ್ಸಿನಲ್ಲಿ ಬುರುಡೆ ನನ್ನ ತೊಡೆಯ ಮೇಲೆ, ಕೂಸಿನ ಹಾಗೆ. ಪ್ರಾಣೇಶ ಕಿಟಕಿಯ ಕಡೆ ಮುಖಮಾಡಿ ಕೂತಿದ್ದ.

ಬುರ್ಹಾನುದ್ದೀನ್ ತಟ್ಟಿದ, ಕಿವಿಗೆ ಹಿಡಿದ. ನಡೆದದ್ದನ್ನು ನಾನೇ ಹೇಳಿದೆ. ಅವನಿಗೆ ನಗು ತಡೆಯಲಾಗಲಿಲ್ಲ. "ಈ ಮಳಿಗಾಲ ನೆಳ್ಳಾಗ ಇರಲಿ ಬಾಯಾರ. ದನಿ ಬರತದೋ ಇಲ್ಲೋ, ಈಗ ಹ್ಯಾಂಗ ಹೇಳಲಿ? ಬುರುಡಿದೇನ ಅದರಿ? ಒಳಗಿನ ಹವಾನ ಹಾಡೂದು."

ವಾಪಸ್ ಬಸ್ಸಿಗೆ ಕಾಯುವಾಗ ಪ್ರಾಣೇಶನ ಮಾತು, ಆರು ದಿನಕ್ಕೆ ಮೊದಲನೆಯದು:

"ಈಸಲಿಕ್ಕಾದ್ರೂ ಬಂತೇನು?"

"ಇಲ್ಲ."

"ಹಂಗಾರ ಎರಡೂ ದಂಡ ಆತಲ್ಲ ಅಕ್ಕಾ."

ಮೇ 27, ಸೋಮವಾರ

ಟಾಂಗಾದಲ್ಲಿ ಹೋಗುವಾಗಲೂ ಹವಾ, ಹವಾ ಎಂದೇ ತಲೆಯಲ್ಲಿ. ನಾನು ಮುಳುಗುವಾಗ ಹೆದರಿ ಎಲ್ಲ ಉಸಿರೂ ಬಿಟ್ಟುಬಿಡುತ್ತೇನೆ. ಬುರುಡೆ ಹಾಗೆ ಮಾಡುವುದಿಲ್ಲ.

ತರಗತಿಯಲ್ಲಿ ಷಟ್ಪದಿ ಓದುವಾಗ ಕೊನೆಯ ಉದ್ದ ಸಾಲಿಗೆ ಮುಂಚೆ ಉಸಿರು ತುಂಬಿಕೊಳ್ಳುತ್ತೇವಲ್ಲ, ಹಾಗೆ ತುಂಬಿಕೊಂಡು ಬೆನ್ನ ಮೇಲೆ ಒರಗಿದೆ. ಕಿವಿ ಮುಳುಗಿತು. ಸದ್ದೆಲ್ಲ ದೂರವಾಯಿತು. ಕಾಲು ತಾನಾಗಿ ಮೇಲೆ ಬಂತು. ಬಾವಿಯ ಬಾಯಿಯಷ್ಟು ಆಕಾಶ, ಅದರಲ್ಲಿ ಒಂದು ಹದ್ದು.

ಯಾರೂ ಹಿಡಿದಿರಲಿಲ್ಲ.

ಎಷ್ಟು ಹೊತ್ತೋ ಗೊತ್ತಿಲ್ಲ. ಗುಲ್ಶನ್ ಬಾಗಿ ಕೂಗಿದ್ದು ತುಸು ಕೇಳಿಸಿತು. "ಅಯ್ಯ, ಇದೇನು, ಸತ್ತಿಯೋ ಈಸಾಕತ್ತಿಯೋ?" ನಕ್ಕೆ. ಉಸಿರು ಹೋಯಿತು. ಮುಳುಗಿದೆ.

ಜೂನ್ 3, ಸೋಮವಾರ

ಧೂಳಿನ ಬಿರುಗಾಳಿ. ಟಾಂಗಾ ಹೊರಡಲಿಲ್ಲ. ಕೊನೆಯ ಪಾಠ ಹೋಯಿತು. ಮಲಗಿ ತೇಲಲು ಬರುತ್ತದೆ, ಮುಂದೆ ಹೋಗಲು ಬರುವುದಿಲ್ಲ. ಬಾವಿಯ ನೀರು ನಿಂತಿರುತ್ತದೆ, ಹೊಳೆಯದು ಹಾಗಲ್ಲ.

ಅವ್ವ ಕೇಳಿದಳು, ಹೊಳೆಯ ಒಳಗೂ ಹಸಿರೇ ಇರುತ್ತದೆಯೇ ಎಂದು.

ಜೂನ್ 7, ಶುಕ್ರವಾರ. ಕೃಷ್ಣೆಯ ದಂಡೆ

ನಿನ್ನೆ ರಾತ್ರಿ ದೇವದುರ್ಗದಲ್ಲಿ ತಂಗಿ ನಸುಕಿಗೇ ಹೊರಟೆವು. ಇವತ್ತು ಶುಕ್ರವಾರ, ಶರಣಮ್ಮನ ಎತ್ತುಗಳಿಗೆ ಅಡ್ಡಿಯಿಲ್ಲ. ಚಕ್ಕಡಿಯಲ್ಲಿ ಅವ್ವ, ಗುಲ್ಶನ್, ಬುತ್ತಿಗಂಟು. ಹೊಳೆ ಸಣ್ಣದಾಗಿದೆ, ಮರಳೇ ಬಹಳ. ನಡುವೆ ಒಂದು ಸೆಳವು, ಆಚೆ ಕಲ್ಲುಬಂಡೆ. ಅಲ್ಲಿಯ ತನಕ ಎಂದು ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿದ್ದೇನೆ.

ಹರಗೋಲಿನ ಸಾಬಣ್ಣ ಆಚೆ ಮಡುವಿನಲ್ಲಿ ಮೊಸಳೆ ಉಂಟೆಂದ. ಈ ಕಡೆ ಬರುವುದಿಲ್ಲವಂತೆ.

"ಬಂದ್ರೂ ಎಂ.ಎ. ಪಾಸಾದವ್ರನ್ನ ತಿನ್ನಂಗಿಲ್ಲ ಬಿಡು," ಅಂದಳು ಗುಲ್ಶನ್. "ಕಹಿ ಇರ್ತಾರ."

ಪ್ರಾಣೇಶ ಚಕ್ಕಡಿಯಿಂದ ಮೊಟ್ಟೆಯ ಹಗ್ಗ ಇಳಿಸಿದ. ಒಂದು ತುದಿ ತನ್ನ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದಾನೆ. ಇನ್ನೊಂದನ್ನು ನನ್ನ ಮುಂದೆ ಹಿಡಿದ. ತಲೆಯಾಡಿಸಿದೆ. "ಹಂಗಾರ ಕೈಯಾಗ ಹಿಡಕೊಂಡ ನಿಂತಿರ್ತೀನಿ," ಅಂದ.

ಅವ್ವ ಸೀರೆ ಎತ್ತಿಕೊಂಡು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಿದ್ದಾಳೆ. ಶರಣಮ್ಮ ಆಗಲೇ ಸೆಳವಿನಲ್ಲಿ, ಕೈ ಬೀಸುತ್ತಿದ್ದಾಳೆ. ಕಚ್ಚೆ ಬಿಗಿಯಾಗಿದೆ. ಬೆನ್ನು ಬರಿದು. ಬಂಡೆ ಮೊದಲು ಕಂಡದ್ದಕ್ಕಿಂತ ದೂರ ಇದೆ ಅನಿಸುತ್ತದೆ. ಪೆನ್ಸಿಲ್ ಇಲ್ಲೇ ಮರಳಿನಲ್ಲಿ ನೆಟ್ಟು ಹೋಗುವುದು. ಬಂದು ಬರೆಯುತ್ತೇನೆ, ಒಳಗೆ ಯಾವ ಬಣ್ಣ ಎಂದು. ಉಸಿರು ತುಂಬಿಕೊಂಡೆ.